ಬೇಸಿಗೆ ರಜೆಯಲ್ಲಿ ಮಗುವಿನ ಓದು, ಲೆಕ್ಕ: ಟ್ಯೂಷನ್ನೋ, ಶಿಬಿರವೋ, ಮನೆಯ ಅರ್ಧ ಗಂಟೆಯೋ?

ಏಪ್ರಿಲ್ ಎರಡನೇ ವಾರ ಮುಚ್ಚಿದ ಶಾಲೆಯ ಬಾಗಿಲು ಮತ್ತೆ ತೆರೆಯುವುದು ಮೇ ಕೊನೆಗೆ. ಹೆಚ್ಚುಕಡಿಮೆ ಏಳು ವಾರ. ಪರೀಕ್ಷೆ ಮುಗಿಯುವ ಮೊದಲೇ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಬಾಕಸ್, ಫೋನಿಕ್ಸ್ (ಅಕ್ಷರಗಳ ಧ್ವನಿ ಹಿಡಿದು ಇಂಗ್ಲಿಷ್ ಓದುವುದು), ಕೈಬರಹ, ಬೇಸಿಗೆ ಶಿಬಿರ ಅಂತ ಪೋಸ್ಟರುಗಳು ಸುರಿಯತೊಡಗುತ್ತವೆ. ‘ಮಗು ಎಲ್ಲ ಮರೆತುಬಿಡುತ್ತೆ’ ಎನ್ನುವ ಭಯವೇ ಇವಕ್ಕೆಲ್ಲ ಬಂಡವಾಳ.

ಈ ಮಾರ್ಗದರ್ಶಿ ಒಂದರಿಂದ ಮೂರನೇ ತರಗತಿ ಮುಗಿಸಿದ ಮಕ್ಕಳಿಗೆ. ಆಯ್ಕೆಗಳನ್ನು ಹೋಲಿಸುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು: ನಿಮ್ಮ ಮಗು ಕಲಿತದ್ದನ್ನು ಮರೆಯಬಹುದು ಎಂಬುದು ನಿಮ್ಮ ಚಿಂತೆಯೋ, ಅಥವಾ ಅದಕ್ಕೆ ಇನ್ನೂ ಬಂದೇ ಇಲ್ಲ ಎಂಬುದೋ? ಎರಡಕ್ಕೂ ಮದ್ದು ಬೇರೆ. ಕಲಿತು ಮಸುಕಾದದ್ದಕ್ಕೆ ದಿನಕ್ಕೆ ಅರ್ಧ ಗಂಟೆ ಸಾಕು, ಹಣ ಬೇಕಿಲ್ಲ. ಬಾರದೇ ಇರುವುದನ್ನು ಯಾರಾದರೂ ಕೂತು ಕಲಿಸಲೇಬೇಕು. ವರ್ಕ್‌ಬುಕ್ಕೂ ಆ್ಯಪ್ಪೂ ಆ ಕೆಲಸ ಮಾಡುವುದಿಲ್ಲ. ರಜೆಯಲ್ಲಿ ದುಡ್ಡು ದಂಡವಾಗುವುದು ಬಹುಪಾಲು ಇವೆರಡನ್ನು ಬೆರೆಸಿಕೊಂಡಾಗ.

ಮೊದಲು ಹದಿನೈದು ನಿಮಿಷದ ಪರಿಶೀಲನೆ

ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸುವ ‘ಅಸರ್’ ಸಮೀಕ್ಷೆಯ ಓದಿನ ಪರೀಕ್ಷೆ ಒಂದು ಹಾಳೆಯಷ್ಟೇ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಲೆಕ್ಕದಲ್ಲಿ 1ರಿಂದ 9, ಆಮೇಲೆ 11ರಿಂದ 99ರ ಅಂಕಿ ಗುರುತಿಸುವುದು, ದಶಕ ತೆಗೆದುಕೊಳ್ಳುವ ಎರಡಂಕಿ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಇದನ್ನೇ ಮನೆಯಲ್ಲಿ ಮಾಡಬಹುದು. ಹಿಂದಿನ ವರ್ಷದ ಪಠ್ಯಪುಸ್ತಕದಿಂದ, ಮಗು ಬಾಯಿಪಾಠ ಮಾಡಿರದ ಒಂದು ಪುಟ ಆರಿಸಿ. ಪುಸ್ತಕ ಶಾಲೆಗೆ ವಾಪಸು ಹೋಗಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತ.

ಮಗು ಗಟ್ಟಿಯಾಗಿ ಓದಲಿ, ನೀವು ತಿದ್ದಬೇಡಿ. ಒಂದು ಪುಟದಲ್ಲಿ ಎಡವುವ ಪದ ಒಂದೆರಡಾದರೆ ಚಿಂತೆಯಿಲ್ಲ. ಐದು ದಾಟಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟದ್ದು. ಒಂದೊಂದೇ ಅಕ್ಷರ ಕೂಡಿಸಿ ಓದಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಮರೆತಿದ್ದರೆ ಅದು ‘ಮಸುಕಾದದ್ದಲ್ಲ’, ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ.

ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿಮಾಡಲು 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ನಿಪುಣ್ ಭಾರತ್ ಯೋಜನೆ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೇ ತರಗತಿಗೆ ಕನಿಷ್ಠ 60 ಪದ ಎಂದು ಗುರಿ ಇಟ್ಟಿದೆ. ಆದರೆ ಸ್ಟಾಪ್‌ವಾಚ್ ಹಿಡಿದು ಮಗುವಿನ ಮುಂದೆ ಕೂರಬೇಡಿ. ‘ಮನೆಯೊಳಗಿಂದ’, ‘ಹೋಗುತ್ತಿದ್ದಾಗ’ ಎನ್ನುವುದೆಲ್ಲ ನಮ್ಮಲ್ಲಿ ಒಂದೊಂದೇ ಪದ. ಇಂಗ್ಲಿಷಿನಲ್ಲಿ ಅದೇ ಮಾತಿಗೆ ಮೂರು ನಾಲ್ಕು ಪದ ಆಗುತ್ತದೆ. ಕನ್ನಡದ ಓದಿಗೆ ಆ ಸಂಖ್ಯೆ ಹಾಗೇ ಹೊಂದುವುದಿಲ್ಲ. ಓದಿ ಮುಗಿಸಿದ ಮೇಲೆ ‘ಏನಾಯ್ತು ಕಥೇಲಿ?’ ಎಂದು ಕೇಳಿದರೆ ಹೇಳುತ್ತದೆಯೇ? ವೇಗಕ್ಕಿಂತ ಅದು ಮುಖ್ಯ.

ಸಂಖ್ಯೆಯ ವಿಷಯದಲ್ಲಿ ಅದೇ ಯೋಜನೆಯ ಗುರಿ ಸರಳ: ಒಂದನೇ ತರಗತಿ ಮುಗಿಯುವಾಗ 99ರವರೆಗೆ, ಎರಡನೆಯದಕ್ಕೆ 999ರವರೆಗೆ, ಮೂರನೆಯದಕ್ಕೆ 9999ರವರೆಗೆ ಓದಿ ಬರೆಯಬೇಕು. ನೀವು ಹೇಳಿ, ಮಗು ಬರೆಯಲಿ. ‘ನೂರ ಏಳು’ ಎಂದಾಗ 1007 ಎಂದು ಬರೆದರೆ ಸ್ಥಾನಬೆಲೆ ಅರ್ಥವಾಗಿಲ್ಲ. ಕೇಳಿದ ಹಾಗೆ ನೂರನ್ನೂ ಏಳನ್ನೂ ಒತ್ತಟ್ಟಿಗೆ ಬರೆದಿದೆ. ಆಮೇಲೆ 52ರಲ್ಲಿ 27 ಕಳೆಯಲು ಕೊಡಿ. ಉತ್ತರ 35 ಬಂದರೆ, ಎರಡರಲ್ಲಿ ಏಳು ಹೋಗದ್ದರಿಂದ ಏಳರಲ್ಲಿ ಎರಡನ್ನು ಕಳೆದಿದೆ. ಈ ವಯಸ್ಸಿನವರಲ್ಲಿ ತೀರ ಸಾಮಾನ್ಯವಾದ ತಪ್ಪು ಇದು. ಇಂಥ ಇಪ್ಪತ್ತು ಲೆಕ್ಕ ಮಾಡಿಸಿದರೂ ಇಪ್ಪತ್ತೂ ಹೀಗೇ ಬರುತ್ತವೆ.

ಮನೆಯ ಅರ್ಧ ಗಂಟೆ

ಪರಿಶೀಲನೆಯಲ್ಲಿ ಪಾಸಾದ ಮಗುವಿಗೆ ನಮ್ಮ ಮೊದಲ ಆಯ್ಕೆ ಇದೇ. ಹದಿನೈದು ನಿಮಿಷ ಓದು, ಹತ್ತು ನಿಮಿಷ ಬಾಯಿಲೆಕ್ಕ, ಐದು ನಿಮಿಷ ಬರಹ. ವಾರಕ್ಕೆ ಐದು ದಿನ. ಬೆಳಗ್ಗೆ ತಿಂಡಿಯಾದ ಕೂಡಲೇ ಕೂತರೆ ಒಳ್ಳೆಯದು. ಹನ್ನೊಂದು ಗಂಟೆಯ ಸೆಕೆಯಲ್ಲಿ ಯಾವ ಮಗುವೂ ಕೂರುವುದಿಲ್ಲ, ಸಂಜೆಯಾದರೆ ಹೊರಗಿನಿಂದ ಗೆಳೆಯರು ಕೂಗುತ್ತಿರುತ್ತಾರೆ.

ಇವುಗಳಲ್ಲಿ ಯಾವುದನ್ನು ತಪ್ಪಿಸಲೇಬಾರದು? 1996ರಲ್ಲಿ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಮೆರಿಕದ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಜಾರಿತ್ತು. ಹೆಚ್ಚು ಪೆಟ್ಟು ಬಿದ್ದದ್ದು ಲೆಕ್ಕ ಮಾಡುವ ಕೌಶಲಕ್ಕೆ ಮತ್ತು ಸ್ಪೆಲ್ಲಿಂಗಿಗೆ. ನಷ್ಟ ಎಷ್ಟು ಎಂಬ ಬಗ್ಗೆ ಆಮೇಲಿನ ಸಂಶೋಧಕರಲ್ಲಿ ಜಗಳವಿದೆ, ಅಲ್ಲಿನ ರಜೆಯೂ ನಮ್ಮದಕ್ಕಿಂತ ಉದ್ದ. ಆದರೂ ಕಾರಣ ಇಲ್ಲಿಗೂ ಸಲ್ಲುತ್ತದೆ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಮದುವೆಯ ಕರೆಯೋಲೆ ಅಂತ ಓದು ತಾನಾಗಿ ಅಷ್ಟಿಷ್ಟು ನಡೆಯುತ್ತಿರುತ್ತದೆ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಯಾವ ಮದುವೆಮನೆಯಲ್ಲೂ ಎದುರಾಗುವುದಿಲ್ಲ. ಆದ್ದರಿಂದ ಒಂದು ದಿನ ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ಓದನ್ನು ಬಿಡಿ, ಲೆಕ್ಕ ಬಿಡಬೇಡಿ.

*ಓದಿಸುವ ಕ್ರಮ.* ಒಂದು ಸಣ್ಣ ಕಥೆಗೆ ಮೂರು ದಿನ. ಮೊದಲ ದಿನ ಪದದ ಕೆಳಗೆ ಬೆರಳಿಟ್ಟು ನೀವು ಓದಿ. ಎರಡನೇ ದಿನ ಇಬ್ಬರೂ ಒಟ್ಟಿಗೆ. ಮೂರನೇ ದಿನ ಮಗು ಒಂದೇ. ತಡವರಿಸಿದಾಗ ಮನಸ್ಸಿನಲ್ಲೇ ಐದು ಎಣಿಸಿ ಕಾಯಿರಿ, ಆಮೇಲೆ ಪದವನ್ನು ಬಿಡಿಸಿ ತೋರಿಸಿ.

ಕನ್ನಡದಲ್ಲಿ ರಜೆಯ ನಂತರ ಮೊದಲು ಕೈಕೊಡುವುದು ಒತ್ತಕ್ಷರ. ‘ಹಕ್ಕಿ’ಯನ್ನು ಮಗು ‘ಹಕಿಕ’ ಎಂದು ಓದಿದರೆ ಅದು ದಡ್ಡತನವಲ್ಲ. ಗುಡಿಸು ಮೇಲಿನ ಅಕ್ಷರಕ್ಕೆ ಕೂತಿದೆ, ಒತ್ತು ಕೆಳಗಿದೆ; ಕಣ್ಣಿಗೆ ಕಾಣುವುದು ಮೊದಲು ‘ಕಿ’, ಆಮೇಲೆ ‘ಕ’. ಸ್ವರ ಒತ್ತಿನ ಪಾಲಿಗೆ ಹೋಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿಕೊಡಬೇಕು. ಅರ್ಕಾವೊತ್ತು ಇದಕ್ಕಿಂತ ತಲೆನೋವು: ‘ವರ್ಷ’, ‘ಸೂರ್ಯ’ದಲ್ಲಿ ಅರ್ಕಾವೊತ್ತು ಕೂತಿರುವುದು ಅಕ್ಷರದ ನಂತರ, ಓದಬೇಕಾದದ್ದು ಮೊದಲು. ಇಂಥ ಐದೈದು ಪದಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೋ ಗೋಡೆಗೋ ಅಂಟಿಸಿ, ವಾರಕ್ಕೊಮ್ಮೆ ಬದಲಾಯಿಸಿ. ಪ–ಷ–ಫ, ದ–ಧ–ಥ, ಬ–ಭ ಗೊಂದಲ ಇರುವ ಮಕ್ಕಳಿಗೆ ಎರಡನ್ನೂ ಒಂದೇ ದಿನ ಕೊಡಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

*ಕಳೆಯುವ ಲೆಕ್ಕಕ್ಕೆ ಕಡ್ಡಿ.* ತೆಂಗಿನ ಪೊರಕೆಯ ಕಡ್ಡಿಯನ್ನು ಬೆರಳುದ್ದ ಮುರಿದು ನೂರು ತುಂಡು ಮಾಡಿಕೊಳ್ಳಿ, ಹತ್ತು ರಬ್ಬರ್ ಬ್ಯಾಂಡ್ ಇರಲಿ. 52 ಅಂದರೆ ಹತ್ತರ ಐದು ಕಟ್ಟು, ಬಿಡಿ ಎರಡು. ಏಳು ಕೊಡು ಅಂದರೆ ಬಿಡಿ ಕಡ್ಡಿ ಸಾಲದು. ಮಗು ತಾನೇ ಒಂದು ಕಟ್ಟು ಬಿಚ್ಚಲಿ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ತೆಗೆದರೆ ಐದು, ಎರಡು ಕಟ್ಟು ತೆಗೆದರೆ ಎರಡು ಕಟ್ಟು. ಇಪ್ಪತ್ತೈದು. ಮೂರ್ನಾಲ್ಕು ದಿನ ಬರೀ ಕಡ್ಡಿಯಲ್ಲೇ ಮಾಡಿಸಿ, ಆಮೇಲೆ ಕಡ್ಡಿ ಮಾಡುತ್ತಿದ್ದಂತೆ ಪಕ್ಕದಲ್ಲೇ ಬರೆಸಿ, ಕೊನೆಗೆ ಕಡ್ಡಿ ತೆಗೆದಿಡಿ. ಅವಸರಪಟ್ಟು ಎರಡನೇ ದಿನವೇ ಕಡ್ಡಿ ಎತ್ತಿಟ್ಟರೆ 35 ಮತ್ತೆ ಹಾಜರು.

*ಮಗ್ಗಿ.* ಎರಡನೇ ತರಗತಿ ಮುಗಿಸಿದವರಿಗೆ 2, 5, 10, ಆಮೇಲೆ 3, 4. ‘ಎರಡೊಂದ್ಲ ಎರಡು’ ಅಂತ ರಾಗವಾಗಿ ಹೇಳುವ ಮಗುವಿಗೆ ನಡುವಿನಿಂದ ‘ನಾಲ್ಕೇಳ್ಲ?’ ಎಂದು ಕೇಳಿದರೆ ಮೊದಲಿನಿಂದ ಹೇಳುತ್ತಾ ಬರುತ್ತದೆ. ಅಲ್ಲಿಗೆ ರಾಗ ಬಂದಿದೆ, ಮಗ್ಗಿ ಬಂದಿಲ್ಲ. ದಿನಕ್ಕೆ ಐದು ಪ್ರಶ್ನೆ ಅಡ್ಡಾದಿಡ್ಡಿ ಕೇಳಿ, ಸ್ಕೂಟರಿನಲ್ಲಿ ಹೋಗುವಾಗಲೂ ಆಗುತ್ತದೆ.

ಈ ಆಯ್ಕೆ ಎಲ್ಲಿ ಕೆಡುತ್ತದೆ? ಕೂರಿಸುವ ದೊಡ್ಡವರ ತಾಳ್ಮೆಯಲ್ಲಿ. ‘ಇಷ್ಟೂ ಬರಲ್ವಾ’ ಎನ್ನುವ ಮಾತು ಎರಡು ಸಲ ಬಂದರೆ ಮೂರನೇ ದಿನ ಮಗುವಿಗೆ ಹೊಟ್ಟೆನೋವು ಶುರುವಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಎಂಟಕ್ಕೆ ಮನೆ ಬಿಡುವವರಾದರೆ ಈ ಹೊಣೆ ಅಜ್ಜಿಗೋ ಚಿಕ್ಕಮ್ಮನಿಗೋ ಪಕ್ಕದ ಮನೆಯ ಕಾಲೇಜು ಹುಡುಗಿಗೋ ಹೋಗಲಿ, ಆದರೆ ದಿನಕ್ಕೊಬ್ಬರು ಬೇಡ.

ವರ್ಕ್‌ಬುಕ್ ಮತ್ತು ಕಾಪಿ ಬರಹ

ಇದು ಅಗ್ಗ, ಸುಲಭ, ಮಗು ಒಂದು ಗಂಟೆ ಸದ್ದಿಲ್ಲದೆ ಕೂರುತ್ತದೆ. ಅದೇ ಇದರ ಮುಖ್ಯ ಆಕರ್ಷಣೆ ಎಂದು ಒಪ್ಪಿಕೊಳ್ಳೋಣ. ಬಂದಿರುವ ಲೆಕ್ಕಕ್ಕೆ ರೂಢಿ ತಪ್ಪದಂತೆ ಇದು ಕೆಲಸ ಮಾಡುತ್ತದೆ. ಮುಗಿದ ತರಗತಿಯದ್ದನ್ನೇ ಕೊಳ್ಳಿ. ಮುಂದಿನ ತರಗತಿಯದ್ದು ಕೊಂಡರೆ ಅದು ಅಭ್ಯಾಸವಾಗುವುದಿಲ್ಲ, ಹೊಸ ಪಾಠವಾಗುತ್ತದೆ. ದಿನಕ್ಕೆ ಒಂದು ಪುಟ, ಅದೇ ದಿನ ತಿದ್ದಬೇಕು. ಒಂದು ವಾರ ಬಿಟ್ಟು ತಿದ್ದಿದರೆ ಏಳು ಪುಟ ತಪ್ಪು ಗಟ್ಟಿಯಾಗಿರುತ್ತದೆ.

ಕಾಪಿ ಬರಹದ ಬಗ್ಗೆ ನಮಗೆ ಅಷ್ಟು ಗೌರವವಿಲ್ಲ. ದಿನಕ್ಕೆರಡು ಪುಟ ಕಾಪಿ ಎಂದರೆ ಮೊದಲ ಐದು ಸಾಲು ದುಂಡಗೆ, ಉಳಿದದ್ದು ಓಡೋಟ. ಪದದ ಅರ್ಥವೂ ತಲೆಗೆ ಹೋಗಿರುವುದಿಲ್ಲ. ಅದರ ಬದಲು ಐದು ಪದ ಉಕ್ತಲೇಖನ, ಮಗು ತಾನೇ ಹೇಳಿ ಬರೆಯುವ ಎರಡು ವಾಕ್ಯ: ಇವತ್ತು ಏನು ತಿಂದೆ, ಯಾರು ಬಂದಿದ್ದರು. ತಪ್ಪಿದ್ದರೆ ಒಂದೇ ಒಂದನ್ನು ತಿದ್ದಿ. ಅಂಗಡಿಗೆ ಹೋಗುವ ಚೀಟಿಯನ್ನು ಮಗುವಿನ ಕೈಲೇ ಬರೆಸಿದರೆ ಇನ್ನೂ ಒಳ್ಳೆಯದು. ‘ಕೊತ್ತಂಬರಿ’ಯಲ್ಲಿ ಒತ್ವ, ಒತ್ತು, ಸೊನ್ನೆ ಮೂರೂ ಬಂದುಹೋಗುತ್ತವೆ.

ಟ್ಯೂಷನ್

ಪರಿಶೀಲನೆಯಲ್ಲಿ ‘ಬಂದಿಲ್ಲ’ ಎಂದು ಗೊತ್ತಾದ ಮಗುವಿಗೆ, ಮನೆಯಲ್ಲಿ ಕಲಿಸುವವರು ಇಲ್ಲದಿದ್ದರೆ, ಟ್ಯೂಷನ್ ಸರಿ. ಆದರೆ ಹದಿನೈದು ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ, ಮುಂದಿನ ವರ್ಷದ ಮೊದಲ ಪಾಠ ಶುರುಮಾಡುವ ಕಡೆಗೆ ಕಳಿಸಿ ಪ್ರಯೋಜನವಿಲ್ಲ. ಸೇರಿಸುವ ಮೊದಲು ಕೇಳಬೇಕಾದದ್ದು: ಒಂದು ಸಲಕ್ಕೆ ಎಷ್ಟು ಮಕ್ಕಳು? ಮೂರು ನಾಲ್ಕಾದರೆ ಸರಿ. ನನ್ನ ಮಗುವಿಗೆ ಏನು ಬರುವುದಿಲ್ಲ ಅಂತ ಮೊದಲ ವಾರದಲ್ಲಿ ಹೇಳುತ್ತೀರಾ? ಹಿಂದಿನ ತರಗತಿಯದ್ದನ್ನು ಕಲಿಸುತ್ತೀರಾ ಅಥವಾ ಮುಂದಿನದ್ದನ್ನಾ? ಕೊನೆಯ ಪ್ರಶ್ನೆಗೆ ‘ಎಲ್ಲಾ ಕವರ್ ಮಾಡ್ತೀವಿ’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ.

ಇನ್ನೊಂದು ಮಾತು. ಶಾಲೆ ತೆರೆದ ಮೊದಲ ದಿನಗಳಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ‘ಸೇತುಬಂಧ’ ನಡೆಯುತ್ತದೆ: ಹಿಂದಿನ ತರಗತಿಯಲ್ಲಿ ಬರಬೇಕಾಗಿದ್ದು ಬಂದಿದೆಯೇ ಎಂದು ನೋಡಿ, ಬಾರದ್ದನ್ನು ಮತ್ತೆ ಕಲಿಸುವ ವ್ಯವಸ್ಥೆ. ಅಲ್ಪಸ್ವಲ್ಪ ಮರೆವಿಗೆ ಜಾಗ ಅಲ್ಲೇ ಇದೆ. ಅಷ್ಟಕ್ಕಾಗಿ ಏಳು ವಾರ ಟ್ಯೂಷನ್ ಬೇಡ.

ಅಬಾಕಸ್, ಫೋನಿಕ್ಸ್, ಕೈಬರಹದ ತರಗತಿ

ಅಬಾಕಸ್ ಕಲಿಸುವುದು ಮಣಿಗಳನ್ನು ಮನಸ್ಸಿನಲ್ಲಿ ಸರಿಸಿ ಬೇಗ ಕೂಡಿ ಕಳೆಯುವುದನ್ನು. ವರ್ಷಗಟ್ಟಲೆ ಮುಂದುವರಿಸುವ ಆಸೆ ಇದ್ದರೆ ಕಲಿಯಲಿ. ಬೇಸಿಗೆಯಲ್ಲಿ ಒಂದು ಹಂತ ಮಾಡಿಸಿ ಬಿಟ್ಟರೆ ಉಳಿಯುವುದು ಸರ್ಟಿಫಿಕೇಟು. ‘ಅಂಗಡಿಗೆ 50 ರೂಪಾಯಿ ಕೊಟ್ಟೆ, 34 ಖರ್ಚಾಯ್ತು’ ಎಂಬ ಲೆಕ್ಕದಲ್ಲಿ ಕೂಡಬೇಕೋ ಕಳೆಯಬೇಕೋ ಎಂಬ ಗೊಂದಲ ಇರುವ ಮಗುವಿಗೆ ಇದು ಮದ್ದಲ್ಲ. ಫೋನಿಕ್ಸ್ ಇಂಗ್ಲಿಷ್ ಓದಲು ಶುರುಮಾಡುವ ಮಕ್ಕಳಿಗೆ ಉಪಯೋಗ. ಕನ್ನಡ ಅಕ್ಷರವನ್ನೇ ಇನ್ನೂ ಗುರುತಿಸಲು ಒದ್ದಾಡುತ್ತಿದ್ದರೆ ಅದನ್ನು ಮೊದಲು ಮುಗಿಸಿ. ಕೈಬರಹಕ್ಕೆ ಹಣ ಕೊಡುವ ಮೊದಲು ಪೆನ್ಸಿಲ್ ಹಿಡಿತ ನೋಡಿ. ಮುಷ್ಟಿಯಲ್ಲಿ ಹಿಡಿದಿದ್ದರೆ ಗಿಡ್ಡ ಪೆನ್ಸಿಲ್ ತುಂಡು ಕೊಡಿ. ಅದನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ. ಚಪಾತಿ ಹಿಟ್ಟು ನಾದುವುದು, ಅವರೆಕಾಯಿ ಬಿಡಿಸುವುದು, ಹೂ ಕಟ್ಟುವುದು ಎಲ್ಲವೂ ಬೆರಳಿಗೆ ಕಸುವು ಕೊಡುತ್ತವೆ.

ಬೇಸಿಗೆ ಶಿಬಿರ

ಶಿಬಿರದಿಂದ ಮಗ್ಗಿ ನೆನಪಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮೈಸೂರು ರಂಗಾಯಣದ ‘ಚಿಣ್ಣರ ಮೇಳ’, ಬೆಂಗಳೂರು ಕಬ್ಬನ್ ಪಾರ್ಕಿನ ಬಾಲಭವನದ ಶಿಬಿರಗಳಂಥವು ನಾಟಕ, ಹಾಡು, ಚಿತ್ರ, ಮಣ್ಣಿನ ಕೆಲಸಕ್ಕೆ. ಮಾತಿಗೆ ಹೆದರುವ ಮಗು ಗಟ್ಟಿಯಾಗಿ ಮಾತಾಡುವುದು, ಹೊಸಬರ ಜೊತೆ ಬೆರೆಯುವುದು ಇಲ್ಲಿ ಸಾಧ್ಯ. ನಾಟಕದ ಮಾತು ಓದಿ ಕಲಿಯುವ ಶಿಬಿರವಾದರೆ ಓದಿಗೂ ಲಾಭ. ‘ಓದು, ಲೆಕ್ಕ, ಕರಾಟೆ, ಕೋಡಿಂಗ್, ಈಜು, ಎಲ್ಲಾ ಹದಿನೈದು ದಿನದಲ್ಲಿ’ ಎನ್ನುವ ಪೋಸ್ಟರಿನಲ್ಲಿ ಯಾವುದೊಂದೂ ಆಗುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಮಕ್ಕಳು ಎಲ್ಲಿರುತ್ತಾರೆ, ಕುಡಿಯುವ ನೀರು, ಶೌಚಾಲಯ ಹೇಗಿದೆ, ಒಬ್ಬ ದೊಡ್ಡವರಿಗೆ ಎಷ್ಟು ಮಕ್ಕಳು, ಇಷ್ಟನ್ನು ಹೋಗಿ ನೋಡಿಯೇ ಹಣ ಕಟ್ಟಿ. ಶಿಬಿರಕ್ಕೆ ಹೋಗುವ ದಿನಗಳಲ್ಲೂ ಹತ್ತು ನಿಮಿಷದ ಬಾಯಿಲೆಕ್ಕ ಬಿಡಬೇಡಿ.

ಗ್ರಂಥಾಲಯ ಮತ್ತು ಫೋನು

ಹಳ್ಳಿಯವರಿಗೆ ಹತ್ತಿರದ, ಖರ್ಚಿಲ್ಲದ ದಾರಿ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಹೆಸರಲ್ಲಿ ‘ಅರಿವು ಕೇಂದ್ರ’. ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪುಸ್ತಕ ಆರಿಸುವುದು ಮಗುವಿನ ಕೆಲಸ, ದೊಡ್ಡವರದ್ದಲ್ಲ. ತೀರ ಸುಲಭದ ಪುಸ್ತಕವನ್ನೇ ಮತ್ತೆ ಮತ್ತೆ ತಂದರೂ ತಪ್ಪಿಲ್ಲ, ವೇಗ ಬರುವುದು ಅಲ್ಲೇ.

ಪುಸ್ತಕ ಸಿಗದ ಕಡೆ, ಹೊರರಾಜ್ಯದಲ್ಲೋ ವಿದೇಶದಲ್ಲೋ ಇದ್ದರೆ, ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣ ಇದೆ. ಕನ್ನಡ ಕಥೆಗಳು ಉಚಿತ, ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಿವೆ, ಇಳಿಸಿಕೊಂಡು ಮುದ್ರಿಸಲೂಬಹುದು. ಒಂದನೇ ಹಂತದಿಂದಲೇ ಶುರುಮಾಡಿ, ಮಗು ಮೂರನೇ ತರಗತಿಯಾದರೂ ಸರಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳನ್ನು ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಆಯಾ ಪಾಠದ ವಿಡಿಯೊ ತೆರೆಯುತ್ತದೆ.

ಅಂಕ, ನಕ್ಷತ್ರ, ಚಪ್ಪಾಳೆ ಕೊಡುವ ಲೆಕ್ಕದ ಆ್ಯಪ್‌ಗಳಲ್ಲಿ ಒಂದು ತೊಡಕಿದೆ. ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತುವ ಆಟದಲ್ಲಿ ಮಗು ಲೆಕ್ಕ ಮಾಡುವುದಕ್ಕಿಂತ ಊಹಿಸುವುದನ್ನು ಬೇಗ ಕಲಿಯುತ್ತದೆ. ಹದಿನೈದು ನಿಮಿಷ, ದೊಡ್ಡವರ ಪಕ್ಕದಲ್ಲಿ, ನೋಟಿಫಿಕೇಷನ್ ಆಫ್ ಮಾಡಿ. ಅದಕ್ಕಿಂತ ಹೆಚ್ಚಾದರೆ ಲೆಕ್ಕ ಯೂಟ್ಯೂಬಿಗೆ ತಿರುಗಿರುತ್ತದೆ.

ಅಜ್ಜಿ ಮನೆಗೆ ಹೊರಟ ಮಕ್ಕಳಿಗೆ

ಹದಿನೈದು ದಿನ ಊರಿಗೆ ಹೋದರೆ ಪುಸ್ತಕದ ಚೀಲ ಕಟ್ಟಬೇಡಿ. ಕಟ್ಟಿದರೂ ತೆರೆಯುವುದಿಲ್ಲ. ಅಲ್ಲಿರುವ ಆಟಗಳೇ ಸಾಕು. ಚೌಕಾಬಾರದಲ್ಲಿ ನಾಲ್ಕು ಕವಡೆ: ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿದರೆ ಎಂಟು. ‘ಆ ಕಾಯಿ ಹೊಡೆಯಲು ನನಗೆ ಎಷ್ಟು ಬೇಕು?’ ಎಂದು ಮಗು ಕೇಳಿಕೊಳ್ಳುವ ಪ್ರತಿ ಸಲವೂ ಒಂದು ಕಳೆಯುವ ಲೆಕ್ಕ. ಅಳಿಗುಳಿಮಣೆಯಲ್ಲಿ ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ ಹಾಕಿದರೆ ಒಟ್ಟು ಎಷ್ಟು ಕಾಯಿ ಬೇಕು ಎಂದು ಹುಣಿಸೆ ಬೀಜ ಎಣಿಸುವ ಮೊದಲೇ ಕೇಳಿ. 56 ಎಂದು ಮೂರನೇ ತರಗತಿಯವರು ಹೇಳಬಲ್ಲರು, ಚಿಕ್ಕವರು ಹಾಕಿ ಎಣಿಸಲಿ. ಸಂತೆಗೆ ಕರೆದುಕೊಂಡು ಹೋದರೆ ಚಿಲ್ಲರೆ ಎಣಿಸುವ ಕೆಲಸ ಮಗುವಿನದು. ಡಜನ್ ಮಾವಿನಹಣ್ಣನ್ನು ಮೂರು ಮನೆಗೆ ಹಂಚುವುದೂ ಮಗುವಿನದು.

ಮನೆಯಲ್ಲೇ ಅಭ್ಯಾಸ ಮಾಡಿಸುವವರು ರಜೆಯ ಮೊದಲ ವಾರ ಪೂರ್ತಿ ಬಿಟ್ಟುಬಿಡಿ. ‘ಬಂದಿಲ್ಲ’ ಎಂಬ ಗುಂಪಿನ ಮಕ್ಕಳಿಗೆ ಎರಡನೇ ವಾರದಿಂದಲೇ ಶುರುವಾಗಲಿ, ಅವರಿಗೆ ಏಪ್ರಿಲ್ ಬೇಕು. ‘ಮಸುಕಾದ’ ಗುಂಪಿನವರಿಗೆ ನಡುವೆ ಊರು, ಜಾತ್ರೆ, ಮದುವೆ ಅಂತ ಎರಡು ವಾರ ತಪ್ಪಿದರೂ ನಡೆಯುತ್ತದೆ. ಮೇ ಕೊನೆಯ ಹತ್ತು ದಿನ ಮಾತ್ರ ತಪ್ಪಬಾರದು. ಆ ಹತ್ತು ದಿನ ಮಲಗುವ ಹೊತ್ತನ್ನೂ ದಿನಕ್ಕೆ ಹತ್ತು ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಪರಿಶೀಲನೆಯ ಹಾಳೆಯನ್ನು ಮತ್ತೊಮ್ಮೆ ಓದಿಸಿ ನೋಡಿ, ಇನ್ನೂ ಬಾರದ್ದು ಏನು ಎಂದು ಒಂದೆರಡು ಸಾಲು ಬರೆದು, ಶಾಲೆ ತೆರೆದ ಮೊದಲ ವಾರದಲ್ಲೇ ಟೀಚರ ಕೈಗೆ ಕೊಡಿ: ‘ಒತ್ತಕ್ಷರ ಓದಲು ಕಷ್ಟ, 99ರವರೆಗೆ ಕೂಡಲು ಬರುತ್ತದೆ, ಕಳೆಯಲು ಕಡ್ಡಿ ಬೇಕು.’